ನೀಲಗಂಗಾ, ಡೈರೆಕ್ಟರ್

ಗುಡ್ಡದ ಮ್ಯಾಲಿನ ಗಾಳಿಪಂಖಾದವರು
ಸುಟ್ಟ ಮೋಟರ್ ಕೊಡ್ತೀವಿ, ಆದ್ರ
ಕಂಪನಿ ಆಗಿ ಬರ್ರಿ ಅಂದ್ರು.
ಇಪ್ಪತ್ತೆರಡು ವರ್ಷ ಬೆಟಗೇರಿ ಓಣಿಯೊಳಗ
ತಾಮ್ರದ ತಂತಿ ಸುತ್ತಿದ ಕೈ ನೋಡಲಿಲ್ಲ,
ಬಿಲ್ ಬುಕ್ಕಿನ ನೆತ್ತಿ ನೋಡಿದ್ರು:
ಅಲ್ಲೆ ನಮ್ಮವರ ಹೆಸರಿತ್ತು, ಬರೇ ಹೆಸರು.

ಹುಬ್ಬಳ್ಳಿಗೆ ಹೋದ್ವಿ. ಬಾಕಳೆ ಆಡಿಟರು
ಕಾಗದ ಹಾರದಂಗ ಮ್ಯಾಲೆ
ಒಂದು ಹಳೇ ಬೇರಿಂಗ್ ಇಟ್ಟಿದ್ದ.
ಅದನ್ನ ನೋಡಿ ನಮ್ಮವರಿಗೆ ಜೀವ ಬಂತು.
ಇಬ್ಬರು ಡೈರೆಕ್ಟರ್ ಬೇಕು ಅಂದ.
ಇವರು ನನ್ನ ಕಡೆ ಹೊಳ್ಳಿದ್ರು,
ಚಾ ಇಡು ಅನ್ನುವಾಗ ಹೊಳ್ಳಿದಂಗ.

ಫೋನಿನ ಮುಂದ ಕುಂತು
ಪ್ಯಾನ್ ಕಾರ್ಡ್ ಗದ್ದಕ್ಕ ಹಿಡಿದು
ನನ್ನ ಹೆಸರು ನಾನ ಹೇಳಿದ್ದಕ್ಕ
ಸಾವಿರದ ಎಂಟುನೂರು. ಡಿಜಿಟಲ್ ಸಹಿ ಅಂತ.
ಸಹಿ ಅಂದ್ರ ಬೆರಳುದ್ದ ಒಂದು ಪ್ಲಾಸ್ಟಿಕ್ಕು,
ಅರಿಷಿಣದ ಡಬ್ಬಿ ಹಿಂದ ಇಟ್ಟೇನಿ.
ತಂದಿ ಹೆಸರು ಹೇಳ್ರಿ ಅಂದ, ಗಂಡಂದು ಬ್ಯಾಡ.
ಎಷ್ಟೋ ವರ್ಷಕ್ಕ ಬಾಯಿ ತುಂಬ ಹೇಳಿದೆ:
ಶಿದ್ಲಿಂಗಪ್ಪ ಫಕೀರಪ್ಪ ಅಬ್ಬಿಗೇರಿ.
ಅದೊಂದಕ್ಕ ಫೀ ಇರಲಿಲ್ಲ.

ಕಂಪನಿ ಹೆಸರಿಗೆ ಸಾವಿರ. ವೀರನಾರಾಯಣ ಅಂತ ಬರೆದ್ವಿ,
ಯಾರೋ ಮೊದಲ ಹಿಡದಾರಂತ.
ಮತ್ತ ಸಾವಿರ.
ದೇವರು ಸಾಕು, ಗುಡ್ಡದ ಹೆಸರಿಡ್ರಿ ಅಂದೆ,
ಪಾಸಾತು.

ಲೈಟ್ ಬಿಲ್ಲಿನ್ಯಾಗ ಇನ್ನೂ ಮಾವನ ಹೆಸರು,
ತೀರಿಕೊಂಡು ಹದಿಮೂರು ವರ್ಷ.
ಜಾಗಾದ ಒಪ್ಪಿಗಿಗೆ ಅವರ ಸಹಿ ಬೇಕಂತ.
ಹೆಸ್ಕಾಂ ಬಾಗಿಲಿಗೆ ಮೂರು ದಿನ ಹೋದ್ವಿ,
ಅಂಗಡಿ ಮುಚ್ಚಿದ ಆ ಮೂರು ದಿನಕ್ಕ
ವಹಿಯೊಳಗ ಕಾಲಮ್ ಇಲ್ಲ.
ಆಮ್ಯಾಲೆ ಸ್ಟಾಂಪು, ಬಾಕಳೆ ಫೀ, ರಬ್ಬರ್ ಶಿಕ್ಕಾ.
ಬೋರ್ಡಿನ ಹುಡುಗ ಅಕ್ಷರದ ಲೆಕ್ಕಕ್ಕ ರೇಟು ಹೇಳಿದ,
'ಪ್ರೈವೇಟ್ ಲಿಮಿಟೆಡ್' ಅನ್ನೋದ
ಹೆಸರಿಗಿಂತ ತುಟ್ಟಿ ಆತು.

ಇದರಿಂದ ಏನು ಬಂತ್ರಿ ಅಂತ ಕೇಳಿದೆ.
ಹೊಣೆಗೆ ಮಿತಿ ಬಂತು ತಾಯಿ, ಅಂದ ಬಾಕಳೆ.
ಕಂಪನಿ ಮುಳುಗಿದ್ರ ಕಂಪನಿ ಅಷ್ಟ ಮುಳುಗತೈತಿ,
ನಿಮ್ಮ ಮನಿ, ಮೈಮ್ಯಾಲಿನ ಬಂಗಾರ
ಯಾರೂ ಮುಟ್ಟಂಗಿಲ್ಲ.
ಆ ರಾತ್ರಿ ಛಲೋ ನಿದ್ದಿ ಬಂತು, ಸುಳ್ಳ್ಯಾಕ ಹೇಳ್ಲಿ.

ಬ್ಯಾಂಕಿನಾಕಿ ಮರುದಿನ ಅಂದ್ಲು:
ಕಂಪನಿಗೆ ಸಾಲ ಕೊಡ್ತೀವಿ,
ಇಲ್ಲೆ ಇಬ್ಬರೂ ಸಹಿ ಹಾಕ್ರಿ, ಸ್ವಂತ ಜಾಮೀನು.
ಬರುವಾಗ ಮನಿ ಕಾಗದ ತರ್ರಿ.

ಬೋರ್ಡು ಏರಿಸಿದ ದಿನ
ತಂತಿ ಅಂಗಡಿ ಗೌಸುಸಾಬರು ಬಂದ್ರು,
ಕೆಳಗ ನಿಂತು ಬಿಡಿಸಿ ಬಿಡಿಸಿ ಓದಿದ್ರು.
ಲಿಮಿಟೆಡ್ ಅಂದ್ರ ಏನವ್ವಾ?
ಹೇಳಿದೆ. ಆಡಿಟರ್ ಹೇಳಿದ್ದನ್ನ ಹೇಳಿದೆ.
ಹೇಳಬಾರದು ಅಂತ ಯಾರೂ ಹೇಳಿರಲಿಲ್ಲ.
ಇಷ್ಟು ವರ್ಷ ಈ ಮನಷ್ಯಾ
ಚೀಟಿ ಇಲ್ದ ತಂತಿ ಕಳಸ್ಯಾರ,
ಬಂದಾಗ ಕೊಡ್ರಿ ಅಂತ.
ಚಾ ಕುಡದು, ಬಶಿ ಕೆಳಗಿಟ್ಟು
ಛಲೋ ಆತು ಅಂದ್ರು.

ಮರುವಾರ ನಲವತ್ತು ಕಿಲೋ ತಂತಿ ಜತಿ
ಚೀಟಿ ಬಂತು. ಅವರದ ಕೈಬರಹ:
ಕಂಪನಿಗೆ. ನಗದು.

ನಮ್ಮವರು ಸಿಟ್ಟಾದ್ರು, ನಾ ಆಗಲಿಲ್ಲ.
ಕತ್ತಲಾದ ಮ್ಯಾಲೆ ವಹಿ ತಗದು
ಮೂವತ್ತೊಂದು ಸಾವಿರದ ಕೆಳಗ ಹೊಡದ ಗೆರಿ ಅಳಿಸಿ
ಇನ್ನೊಂದು ಸಾಲಿಗೆ ಜಾಗಾ ಬಿಟ್ಟೆ.
ಎಷ್ಟು ಅಂತ ಬರೀಬೇಕು ತಿಳೀವಲ್ದು.
ಹೊರಗ ಇವರು ಗುಡ್ಡದ ಮೊದಲ ಮೋಟರ್ ಬಿಚ್ಚಾಕತ್ಯಾರ,
ಸುಟ್ಟ ವಾರ್ನಿಶ್ ವಾಸನಿ ಓಣಿ ತುಂಬ.