ನೀಲಿ ಬಾಣ

ಚಿಕ್ಲಿಹೊಳೆಯ ಹಿನ್ನೀರು ಮಾರ್ಚಿಗೆ ಅರ್ಧ ಇಳಿದು
ದಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬಿಟ್ಟಿದೆ,
ವಾರಕ್ಕೊಂದು ಗೆರೆ.
ತೇಗದ ಮರಗಳಿಗೆ ಬಾಣ ಬರೆದವನು
ಕುಶಾಲನಗರದ ಸೈಕಲ್ ಅಂಗಡಿಯ ಹಂಝ.
ಹಸಿರು ಮಕ್ಕಳಿಗಂತೆ, ಕಪ್ಪು ಹುಚ್ಚರಿಗೆ,
ನೀಲಿ ನಮ್ಮಂಥವರಿಗೆ.
‘ನಮ್ಮಂಥವರು ಅಂದರೆ?’
ಚೈನಿಗೆ ಎಣ್ಣೆ ಬಿಡುತ್ತಲೇ ಹೇಳಿದ:
‘ಬಿದ್ದರೆ ತರಚಬೇಕು, ಮುರೀಬಾರದು.
ಅಷ್ಟೇ ಅಕ್ಕ, ಮಧ್ಯಮ ಅಂದರೆ.’

ಮುರಿಯುವುದು ನನಗೆ ಗೊತ್ತು.
ಇಪ್ಪತ್ತೆರಡು ವರ್ಷದಿಂದ ಎಕ್ಸ್‌ರೇ ಕೋಣೆಯ ಕತ್ತಲಲ್ಲಿ
ಊರವರ ಮೂಳೆ ನೋಡುತ್ತ ಬಂದವಳು.
ಮೆಣಸು ಕೊಯ್ಯಲು ಏಣಿ ಹತ್ತಿದವರ ಮಣಿಕಟ್ಟು,
ಹಾಕಿ ಮೈದಾನದಿಂದ ನೇರ ಬಂದ ಹುಡುಗರ ಕಣಕಾಲು.
ಮುಖ ಮರೆತರೂ ಬಿರುಕು ಮರೆಯುವುದಿಲ್ಲ;
ಸಂತೆಯಲ್ಲಿ ಎದುರಾದವರನ್ನು
ಎಡ ಮೊಣಕೈ, ಎರಡು ಸ್ಕ್ರೂ, ಎಂದೇ ಗುರುತಿಸುತ್ತೇನೆ.

ಬೆಳಗಿನ ಆರೂಮುಕ್ಕಾಲು.
ಗೇರ್ ಎರಡು ಇಳಿಸಿದರೆ ಕಟಕಟ, ಮತ್ತೆ ಮೌನ.
ಬಲಕ್ಕೆ ನೀರು, ಎಡಕ್ಕೆ ಆನೆಕಂದಕ,
ನಡುವೆ ಒಂದೂವರೆ ಅಡಿ ಕೆಂಪು ದಾರಿ,
ತೇಗದ ಒಣಎಲೆ ಚಕ್ರದಡಿ ಹಪ್ಪಳದ ಹಾಗೆ.
ಆಚೆ ತೋಟದಲ್ಲಿ ಮೊನ್ನೆಯ ಹೂಮಳೆಗೆ
ರೋಬಸ್ಟ ಒಟ್ಟಿಗೇ ಅರಳಿದೆ.
ಏರಿನಲ್ಲಿ ಆ ಪರಿಮಳ ಬೇಡವೇ ಬೇಡ,
ಬಾಯಿ ತೆರೆದು ಉಸಿರೆಳೆವಾಗ ಗಂಟಲಿಗೇ ಅಂಟುತ್ತದೆ.

ಏರಿನ ತುದಿಯಲ್ಲಿ ಅತ್ತಿಮರ.
ಮೂರು ಬೇರು ದಾರಿಗೆ ಅಡ್ಡ,
ಬೇರಿನಾಚೆ ಮೊಣಕಾಲೆತ್ತರದ ಕುಸಿತ,
ಕೆಳಗೆ ಥಟ್ಟನೆ ಎಡಕ್ಕೆ ತಿರುವು.
ಹನ್ನೊಂದು ಭಾನುವಾರ ಇಲ್ಲಿ ಇಳಿದು ತಳ್ಳಿದ್ದೇನೆ,
ಯಾರೋ ನೋಡುತ್ತಿರುವಂತೆ
ಬಿಚ್ಚದ ಲೇಸನ್ನು ಬಗ್ಗಿ ಕಟ್ಟಿಕೊಂಡಿದ್ದೇನೆ.

‘ಬೇರು ನೋಡಬೇಡಿ ಅಕ್ಕ,
ಕಣ್ಣು ಹೋದಲ್ಲಿಗೆ ಸೈಕಲ್ಲು ಹೋಗ್ತದೆ.’
ಅದನ್ನೇ ಜಪಿಸುತ್ತ ಸೀಟಿನಿಂದೆದ್ದೆ.
ಪೆಡಲು ಸಮ, ಮೊಣಕೈ ಸಡಿಲ, ಸೊಂಟ ಹಿಂದಕ್ಕೆ.
ಉಸಿರು ಹಿಡಿದುಕೊಳ್ಳಿ, ಅಲುಗಾಡಬೇಡಿ:
ದಿನಕ್ಕೆ ನಲವತ್ತು ಸಲ ಆಡುವ ಮಾತು
ತಾನಾಗಿ ನಾಲಗೆಗೆ ಬಂತು, ಎಂಥ ಕೆಟ್ಟ ಸಲಹೆ!
ಒಂದನೇ ಬೇರು. ಎರಡು. ಮೂರು.
ನೆಲ ಇಲ್ಲ.
ನೆಲ ಇದೆ!

ಆಮೇಲೆ ಎಡಕ್ಕೆ ನೋಡಬೇಕಿತ್ತು.
ಆದರೆ ಬಲಕ್ಕೆ, ನೀರಿನಲ್ಲಿ, ಮೂರು ತಲೆ ಎದ್ದವು:
ನೀರುನಾಯಿಗಳು, ಒಂದರ ಬಾಯಲ್ಲಿ ಮೀನು ಅಡ್ಡಡ್ಡ.
ಕಣ್ಣು ಅಲ್ಲಿಗೆ ಹೋಯಿತು.
ಹಂಝ ಹೇಳಿದ್ದು ನಿಜ.
ಗೆರೆಗೆರೆ ದಾಟಿ, ಡಿಸೆಂಬರ್, ಜನವರಿ, ಫೆಬ್ರವರಿ,
ನಿನ್ನೆಯ ತನಕ ಇಳಿದು
ಸೈಕಲ್ಲು ಮೊದಲು, ಹಿಂದೆ ನಾನು.

ಕೆಸರು ಕಾಚಂಪುಳಿಯಷ್ಟು ಕಪ್ಪು.
ಮಲಗಿದಲ್ಲೇ ಲೆಕ್ಕ ಹಾಕಿದೆ: ಹೆಗಲೆಲುಬು ಸರಿ,
ಮಣಿಕಟ್ಟು ಸರಿ, ಬೆರಳು ಹತ್ತೂ ಮಾತು ಕೇಳುತ್ತವೆ.
ಮೊಣಕೈ ತರಚಿದೆ. ಸರಿಯಾಗಿ ಮಧ್ಯಮ.
ಮೂಗಿನೆದುರು ಹರಿವಾಣದಗಲದ ಗುಂಡಿ,
ಅದರ ನೀರು ಇನ್ನೂ ಕದಡಿದೆ.
ಮುಂದೆ ಇನ್ನೊಂದು, ಮತ್ತೊಂದು, ಪಕ್ಕದಲ್ಲಿ ಪುಟ್ಟವು,
ದಡ ಹತ್ತಿ, ಅತ್ತಿಯ ಬುಡ ಬಳಸಿ
ನಾನು ಬಂದ ದಾರಿಗೇ ಸೇರಿವೆ.

ವಾಚರ್ ಕಾಳಿಂಗ ಕೋಲು ಚಾಚಿದ,
ನಗು ತಡೆಯಲು ಅವನಿಂದಾಗಲಿಲ್ಲ.
ನಸುಕಿಗೆ ತಾಯಿ ಮರಿ ನೀರಿಗಿಳಿದಿದ್ದವಂತೆ,
ಈಗ ಬಿದಿರುಮೆಳೆಯಲ್ಲಿ.
‘ಬಾಣ ಬರೆದದ್ದು ಆ ಅಂಗಡಿಯವನು.
ದಾರಿ ಮಾಡಿದ್ದು ಇವು. ಮರಿ ಜೊತೆಗಿದ್ದಾಗ
ತೀರ ಕಡಿದಾದ್ದು ಹತ್ತಲ್ಲ, ತೀರ ಸುತ್ತೂ ಬಳಸಲ್ಲ.’

ಡಬ್ಬಿಯ ಪಾಪುಟ್ಟಿಗೆ ಕೆಸರು ತಾಗಿರಲಿಲ್ಲ.
ಇಬ್ಬರೂ ತಿಂದೆವು.
‘ಬೇರು ದಾಟಿದ್ದು ನೋಡಿದೆಯಾ?’
‘ಇಲ್ಲಮ್ಮ. ಬಿದ್ದದ್ದು ನೋಡಿದೆ.’

ಮುಂದೆ ಹೋಗುವಂತಿಲ್ಲ.
ಸೈಕಲ್ಲು ಹೆಗಲಿಗೇರಿಸಿ ಕುಸಿತ ಹತ್ತಿದರೆ
ಮೂರನೇ ಬೇರಿನ ತೊಗಟೆಯ ಮೇಲೆ
ಟೈರಿನ ಹಲ್ಲುಗುರುತು, ಸ್ಪಷ್ಟ,
ಬೆಳಕಿಗೆ ಹಿಡಿದ ಫಿಲ್ಮಿನ ಹಾಗೆ.
‘ಕಾಳಿಂಗಾ, ಇಲ್ಲಿ ಬಾ, ನೋಡು’ ಎಂದು ಕೂಗಿದೆ.
ಅವನು ತುಟಿಗೆ ಬೆರಳಿಟ್ಟ.
ಮೆಳೆಯೊಳಗೆ ಬಿದಿರು ಮುರಿಯಿತು, ಹತ್ತಿರದಲ್ಲೇ.
ಉಸಿರು ಹಿಡಿದು,
ಅಲುಗಾಡದೆ ನಿಂತೆವು.