ಹನ್ನೊಂದೂವರಿ ಊಟ

ವಿಜಾಪುರದ ಅಥಣಿ ರಸ್ತಾದಾಗ
ಈ ಖಾನಾವಳಿ ಹಾಕಿ ಇಪ್ಪತ್ತೆರಡು ವರ್ಷ ಆತು.
ಯಾರು ಎಷ್ಟು ರೊಟ್ಟಿ ಉಣ್ತಾರ ಅಂತ
ನಡಿಗಿ ನೋಡಿನ ಹೇಳ್ತೀನಿ:
ಗ್ಯಾರೇಜಿನ ಹುಡುಗ ಐದು,
ಕೋರ್ಟಿನ ಟೈಪಿಸ್ಟ್ ಎರಡು, ಮ್ಯಾಲ ಅನ್ನ,
ದ್ರಾಕ್ಷಿ ಔಷಧ ಮಾರಾವ್ರು ಗೆಳ್ಯಾರ ಕೂಡ ಬಂದ್ರ
ಲೆಕ್ಕ ಇಲ್ಲ.

ನಿಮ್ಮವು ಎಷ್ಟು, ಅಂದ್ರು ಡಾಕ್ಟರ್ ಬಾಯಾರು.
ನಾ ಗ್ವಾಡಿ ನೋಡಿದೆ.

ಮಂದಿದು ಮುಗದ ಮ್ಯಾಲ ಉಣ್ತೀನ್ರಿ,
ಒಮ್ಮೊಮ್ಮೆ ನಾಲ್ಕ ಹೊಡೀತಾವ.
ರಾತ್ರಿ ಹನ್ನೊಂದು.
ಎಷ್ಟು?
ಉಳದಷ್ಟು.

ತಳದಾಗಿನ ಎಣ್ಣಿಗಾಯಿ, ಮುರದ ರೊಟ್ಟಿ,
ಎರಡು ಚಮಚೆ ಬ್ಯಾಳಿ.
ಚೆಲ್ಲಾಕ ಕೈ ಬರಂಗಿಲ್ಲ ಅಂತ
ಹೊಟ್ಟಿಯೊಳಗ ಚೆಲ್ಲಿದೆ,
ನಿಂತ್ಕೊಂಡ, ಪಾತೇಲಿ ಹಿಡ್ಕೊಂಡ,
ಹಸಿವಿ ಸತ್ತು ತಾಸಾದ ಮ್ಯಾಲೂ.

ಚೀಟಿಯೊಳಗ ಗುಳಗಿಗಿಂತ ಮೊದಲ ಬರದ್ರು:
ಹನ್ನೊಂದೂವರಿಗೆ ಒಂದು, ಏಳಕ್ಕ ಒಂದು.
ಕುಂತು.

ಗಿರಾಕಿಗಿಂತ ಮೊದಲ ನಾನು?
ನಮ್ಮವ್ವ ಇದ್ದಿದ್ರ ಸೌಟ ಹಿಡಕೊಂಡ ಬರತಿದ್ಲು.
ಸೋಮವಾರ ಮೂಲಿ ಟೇಬಲ್ಲಿಗೆ ಕುಂತೆ
ಬಾಗಲಕ್ಕ ಬೆನ್ನು ಮಾಡಿ, ಕಳ್ಳರಂಗ.
ಎರಡು ಬಿಸಿ ರೊಟ್ಟಿ, ಮಡಕಿಕಾಳ, ಮೆಂತ್ಯಾ, ಮೊಸರು.
ಮೊದಲ ತುತ್ತಿಗೆ ತಿಳೀತು:
ಪಲ್ಯಾಕ ಉಪ್ಪು ಕಡಿಮಿ.
ಎಷ್ಟು ವರ್ಷದಿಂದ ಕಡಿಮಿ ಇತ್ತೋ ಏನೋ,
ಯಾರೂ ಹೇಳಿದ್ದಿಲ್ಲ.

ಅಷ್ಟರಾಗ ಸಿದ್ದರಾಯ ಮಾಸ್ತರು,
ತಾಸು ಮುಂಚೆ.
ಎಂಜಲ ಕೈಲೆ ಎದ್ದೆ.
"ಕುಂದರ್ರಿ ನೀಲಗಂಗವ್ವ,
ಉಣ್ಣೂವಾಗ ಏಳಬಾರದು."
ತಾವ ತಂಬಗಿ ತಗೊಂಡು
ನನ್ನ ಗಿಲಾಸಿಗೂ ನೀರು ಹಾಕಿ
ಪೇಪರ್ ಬಿಚ್ಚಿದ್ರು.

ರಾತ್ರಿ ಇನ್ನೂ ಕಷ್ಟ ಅದ.
ಏಳಕ್ಕ ಉಂಡು ಹನ್ನೊಂದಕ್ಕ ಪಾತೇಲಿ ತಿಕ್ಕೂವಾಗ
ಕೈ ತಾನ ತಳಕ್ಕ ಹೋಗ್ತದ.
ಪಲ್ಯಾ ಡಬ್ಬಿಗೆ ಹಾಕಿ ರೇಷ್ಮಾಬಿಗೆ ಕೊಡ್ತೀನಿ,
ಅಕಿ ಮನ್ಯಾಗ ನಾಲ್ಕು ಬಾಯಿ.
ಉಳದ ರೊಟ್ಟಿ ಒಲಿ ಬಗಲಿಗೆ ನಿಲ್ಲಸ್ತೀನಿ,
ಬೆಳಗಾಗೂದ್ರಾಗ ಕಟಕ್ ಅಂತಾವ.
ಬುಟ್ಟಿಯೊಳಗ ಇಟ್ರ ತಿಂಗಳಾದ್ರೂ ಕೆಡಂಗಿಲ್ಲ.
ಇದು ನನಗ ಗೊತ್ತಿಲ್ಲದ್ದೇನು?
ಬುಟ್ಟಿ ಇದ್ದೂ
ಹೊಟ್ಟಿನ ಬುಟ್ಟಿ ಮಾಡಿಕೊಂಡಿದ್ದೆ.

ತಿಂಗಳ ಗಿರಾಕಿಗಳ ವಹಿಯೊಳಗ
ಕಡೀ ಹಾಳಿಗೆ ನನ್ನ ಹೆಸರು ಬರದೀನಿ.
ಹೊತ್ತು, ರೊಟ್ಟಿ, ಒಂದು ಗೀಟು.
ಮೊನ್ನೆ ಅಮಾಸಿ ದಿನ ಹೋಳಿಗಿ ಇದ್ವು, ನಾಲ್ಕು ಹೋದ್ವು.
ಅದನ್ನೂ ಬರದೀನಿ.
ರೊಕ್ಕದ ಸಾಲು ಖಾಲಿ.

ಮಾಸ್ತರು ಚಸ್ಮಾ ಏರಿಸಿ ನೋಡಿ,
"ಉದ್ರಿ ಭಾಳ ಆಗೇದಲ್ರಿ ಇವರದು" ಅಂದ್ರು.
ಉಳ್ಳಾಗಡ್ಡಿ ಹಾಕಲೇನ್ರಿ,
ಅಂತ ಕೇಳಿದೆ.