ಹೆಪ್ಪು

ದರ್ಖಾನ್ ಊರಲ್ಲಿ ಜನವರಿ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಒಳಗೆ ಬಿಸಿನೀರಿನ ಕೊಳವೆ ಗೊರಗೊರ.
ಲೈಬ್ರರಿಯ ವೆಬ್‌ಪುಟ ಬೆಳಿಗ್ಗೆ ಒಂಬತ್ತಕ್ಕೆ ತೆರೆಯಬೇಕು.
ಪರದೆಯ ಮೇಲೆ ನಮ್ಮ ಹಳೆಯ ಲಿಪಿ
ಮಗ್ಗುಲಾಗಿ ಬಿದ್ದಿದೆ,
ಮಂಜುಗಡ್ಡೆಯಲ್ಲಿ ಜಾರಿದ ಒಂಟೆಯ ಹಾಗೆ
ಏಳಲು ಒಲ್ಲದೆ.

ನಮ್ಮ ಲಿಪಿ ಮಲಗುವ ಪೈಕಿಯಲ್ಲ.
ಮೇಲಿಂದ ಕೆಳಗಿಳಿಯುತ್ತದೆ, ಹೆಣೆದ ಜಡೆ;
ಒಂದು ಮುಗಿದರೆ ಅದರ ಬಲಕ್ಕೆ ಇನ್ನೊಂದು.
ಬ್ರೌಸರಿಗೆ ಇದನ್ನು ಹೇಳುವವರು ಯಾರು?
ಅದು ಹುಟ್ಟಿ ಕಂಡದ್ದೆಲ್ಲ ಅಡ್ಡ ಸಾಲು.
ಹನ್ನೊಂದೂವರೆಯ ತನಕ ಹೇಳಿದೆ. ಬೈದೆ.
ನಿಲ್ಲಿಸಿದರೆ ಅಕ್ಷರ ಅಕ್ಷರದ ಕೈಬಿಡುತ್ತಿತ್ತು,
ಕೂಡಿಸಿದರೆ ಮತ್ತೆ ಅಡ್ಡಡ್ಡ.

ಆಗ ಹೊವ್ದ್‌ನಿಂದ ದಾಶ್‌ನ್ಯಾಮ್
(ಮುಖ ಕಂಡವಳಲ್ಲ ನಾನು,
ಕುರಿ ಔಷಧಿಯ ಅಂಗಡಿಗೊಂದು ಪುಟ ಕಟ್ಟಿದವನೆಂದು ಮಾತ್ರ ಗೊತ್ತು)
ನಾಲ್ಕು ಸಾಲು ಕೋಡು ಕಳಿಸಿದ,
ಜೊತೆಗೆ ಒಂದೂವರೆ ಪುಟದ ವಿವರ:

‘ಮೊದಲ ಸಾಲು ದಿಕ್ಕು. ಲಂಬ, ಎಡದಿಂದ ಬಲಕ್ಕೆ.
ಅದಲುಬದಲಾದರೆ ಕತೆ ಕೊನೆಯಿಂದ ಶುರುವಾಗುತ್ತದೆ. ನನಗೆ ಆಗಿತ್ತು.
ಎರಡನೆಯದು ಎತ್ತರ. ಅದಿಲ್ಲದಿದ್ದರೆ
ಸಾಲು ಬಾವಿಗಿಳಿದ ಹಗ್ಗ, ತಳ ಮುಟ್ಟುವುದಿಲ್ಲ.
ಅರ್ಧವಿರಾಮ ನೋಡಿಕೋ,
ಒಂದು ತಪ್ಪಿದರೆ ಕೆಳಗಿನ ಸಾಲನ್ನೂ ಎಳಕೊಂಡು ಬೀಳುತ್ತದೆ.
ನನಗೆ ಒಂಬತ್ತು ದಿನ ಹಿಡಿಯಿತು.
ನಿನಗೆ ಹಿಡಿಯುವುದು ಬೇಡ.’

ಅಂಟಿಸಿದೆ. ಪುಟವನ್ನು ಮತ್ತೆ ಕರೆದೆ.
ಎದ್ದು ನಿಂತಿತು.

ಅಜ್ಜಿ ನೆನಪಾದಳು, ಅವಳ ಹೆಪ್ಪಿನ ಬಟ್ಟಲು.
ನಮ್ಮ ಮಾತಿನಲ್ಲಿ ಹೆಪ್ಪಿಗೂ ಆಸ್ತಿಗೂ
ಒಂದೇ ಶಬ್ದ, ಖೊರೊಂಗೊ.
ಪಕ್ಕದ ಗುಡಾರದವರು ಕೇಳಿದರೆ ಒಂದು ಚಮಚ ಹಾಕಿ ಕೊಡುತ್ತಿದ್ದಳು,
ಧಾರಾಳ ಗುಣವೇನಲ್ಲ ಅವಳದ್ದು, ಜಿಪುಣಿ.
ಒಂದು ಬೇಸಿಗೆ ನಮ್ಮ ಮೊಸರು ಹುಳಿತು ಹಾಳಾದಾಗ
ಬಟ್ಟಲು ಹಿಡಿದು ಅದೇ ಗುಡಾರಕ್ಕೆ ಹೋದಳು,
ಬ್ಯಾಂಕಿಗೆ ಹೋದಂತೆ.

ನಾನು ಐದನೆಯ ಸಾಲು ಸೇರಿಸಿದೆ,
ಫೋನಿನಲ್ಲಿ ಬೆರಳು ಅಡ್ಡ ಸರಿದರೆ ಪುಟವೂ ಸರಿಯಲೆಂದು.
ಕೇಳಿದವರಿಗೆಲ್ಲ ಕೊಟ್ಟೆ. ಶಾಲೆಯೊಂದಕ್ಕೆ, ಮಠವೊಂದಕ್ಕೆ,
ಹಾಡಿನ ಪುಸ್ತಕ ಮಾರುವ ಮುದುಕನೊಬ್ಬನಿಗೆ.
ಮರೆತೆ.

ಮೂರು ವರ್ಷದ ಮೇಲೆ ಚೋಯ್‌ಬಲ್ಸಾನ್‌ನ ಹುಡುಗಿ ಖುಲಾನ್
ನಾನು ಯಾರೆಂದು ತಿಳಿಯದೆ ಬರೆದಳು:
‘ಅಕ್ಕಾ, ಇದನ್ನಿಟ್ಟುಕೊಳ್ಳಿ. ಒಂಬತ್ತು ದಿನ ಉಳಿಯುತ್ತದೆ.’
ಹದಿನಾಲ್ಕು ಸಾಲಾಗಿದೆ ಈಗ.
ಕಾಗದಕ್ಕೆ ಮುದ್ರಿಸಲು ಒಂದು, ಕುರುಡರಿಗೆ ಓದಿ ಹೇಳುವ ಯಂತ್ರಕ್ಕೆರಡು,
ಮತ್ತೊಂದೆರಡು ನನಗೂ ಅರ್ಥವಾಗದವು.
ನಟ್ಟನಡುವೆ, ಯಂತ್ರ ಓದದ, ಮನುಷ್ಯರಿಗಷ್ಟೇ ಬಿಟ್ಟ ಜಾಗದಲ್ಲಿ,

ಹಾಲು ತರಬೇಕು, ಎರಡು.

ನನ್ನದೇ. ಆ ರಾತ್ರಿ ಮರೆಯಬಾರದೆಂದು
ಕೈಗೆ ಸಿಕ್ಕಲ್ಲಿ ಗೀಚಿದ್ದು.
ಅದರ ಕೆಳಗೆ ಯಾರೋ:
‘ಈ ಸಾಲು ಯಾಕೋ ಗೊತ್ತಿಲ್ಲ. ತೆಗೆಯಬೇಡಿ.’
ಅದರ ಕೆಳಗೆ ಇನ್ಯಾರೋ:
‘ತೆಗೆದು ನೋಡಿದೆ. ಏನೂ ಆಗಲಿಲ್ಲ. ಮತ್ತೆ ಹಾಕಿದ್ದೇನೆ.’

ನಕ್ಕೆ, ಕೊಳವೆಯೂ ಗೊರಗುಟ್ಟುವಷ್ಟು.
ಆಮೇಲೆ ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ.
ದಾಶ್‌ನ್ಯಾಮನ ಹೆಸರು ಇರಲಿಲ್ಲ,
ಯಾವ ಕೈಯಿಂದ ಯಾವ ಕೈಗೆ ಹೋಗುವಾಗ ಉದುರಿತೋ.
ಉದುರಿಸಿದವಳು ನಾನೇ ಇರಬಹುದು.
ಅವನ ಒಂಬತ್ತು ದಿನ ಮಾತ್ರ
ಬಾಯಿಂದ ಬಾಯಿಗೆ ದಾಟಿ ಇಲ್ಲಿಗೆ ಬಂದಿತ್ತು.

ಎಲ್ಲಕ್ಕಿಂತ ಮೇಲೆ ಅವನ ಹೆಸರು ಬರೆದೆ, ಊರು ಬರೆದೆ,
ಖುಲಾನ್‌ಗೆ ವಾಪಸು ಕಳಿಸಿದೆ.
ಹಾಲಿನ ಸಾಲು ಹಾಗೇ ಬಿಟ್ಟೆ.

ಅಂದು ಅಂಗಡಿ ಮುಚ್ಚಿತ್ತು, ಖುಲಾನ್.
ಬೆಳಿಗ್ಗೆ ನಾವು ಬರೀ ಉಪ್ಪಿನ ಚಹಾ ಕುಡಿದೆವು,
ಮಗ ಮುಖ ಸಿಂಡರಿಸಿಕೊಂಡ.
ಲೈಬ್ರರಿ ಒಂಬತ್ತಕ್ಕೇ ತೆರೆಯಿತು.